ಫ್ಯೂಯಲ್ ಕಂಟ್ರೋಲರ್ ಅಳವಡಿಸಿದ ಕಾರಿನಲ್ಲಿ ಮಿಶ್ರಣದ ದೋಷ: ಘಾಟಿ ಹತ್ತಿಳಿಯುವ ಗಾಡಿಗಳಿಗೆ ಪತ್ತೆಯ ಕ್ರಮ

ಕಾರಿನೊಂದಿಗೆ ಬಂದ ಈಸಿಯುವನ್ನು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಗೆಯೇ ಉಳಿಸಿಕೊಂಡು, ಅದಕ್ಕೂ ಸೆನ್ಸರ್‌ಗಳಿಗೂ ನಡುವೆ ಸೆನ್ಸರ್ ಸಿಗ್ನಲನ್ನು ತಿದ್ದಿ ಇಂಧನದ ಪ್ರಮಾಣ ಬದಲಿಸುವ ಹೊರಗಿನ ಫ್ಯೂಯಲ್ ಕಂಟ್ರೋಲರ್ ಒಂದನ್ನು ಸೇರಿಸುವ ಪದ್ಧತಿ ಕೊಡಗಿನಲ್ಲಿ ಹೊಸದಲ್ಲ. ಆಟೋಕ್ರಾಸ್‌ಗೆ ಗಾಡಿ ಇಳಿಸುವವರೂ, ಏರ್ ಫಿಲ್ಟರ್ ಮತ್ತು ಎಕ್ಸಾಸ್ಟ್ ಬದಲಿಸಿಕೊಂಡ ತೋಟದವರೂ ಇದನ್ನು ಹಾಕಿಸುತ್ತಾರೆ. ಆಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ ಅರ್ಧ ಆಕ್ಸಿಲರೇಟರ್‌ನಲ್ಲಿ ಗಾಡಿ ಜಗ್ಗುತ್ತದೆ, ಮಡಿಕೇರಿಯಲ್ಲಿ ನೆಟ್ಟಗಿದ್ದದ್ದು ಸುಳ್ಯಕ್ಕೆ ಇಳಿದ ಕೂಡಲೇ ಚೆಕ್ ಎಂಜಿನ್ ದೀಪ ಹೊತ್ತಿಸುತ್ತದೆ, ಮಳೆಗಾಲದ ರಾತ್ರಿಯಲ್ಲಿ ಮಾತ್ರ ಮಿಸ್ ಹೊಡೆಯುತ್ತದೆ.

ದೂರು ಬಂದೊಡನೆ ಲ್ಯಾಪ್‌ಟಾಪ್ ತೆರೆದು ಕಂಟ್ರೋಲರ್‌ನ ತಿದ್ದುಪಡಿ ಕೋಷ್ಟಕದಲ್ಲಿ ಅಂಕಿಗಳನ್ನು ಬದಲಿಸಲು ಕೂರುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಅದು ತಪ್ಪು ದಾರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ದೋಷ ಕಾರಿನಲ್ಲಿದೆಯೇ, ಅಳತೆಯಲ್ಲಿದೆಯೇ, ಅಥವಾ ನಾವು ಹಾಕಿದ ತಿದ್ದುಪಡಿಯಲ್ಲಿದೆಯೇ ಎಂಬ ಮೂರನ್ನು ಬೇರ್ಪಡಿಸದೆ ಒಂದು ಅಂಕಿಯನ್ನೂ ಮುಟ್ಟಬಾರದು. ಹಾಗೆ ಮುಟ್ಟಿದರೆ ಸೋರುವ ಪೈಪಿನ ದೋಷವನ್ನು ಪೆಟ್ರೋಲ್ ಸುರಿದು ಮುಚ್ಚಿದಂತಾಗುತ್ತದೆ, ಮುಂದೆ ಆ ಪೈಪ್ ಬದಲಾದ ದಿನ ಕೋಷ್ಟಕವೇ ಹೊಸ ದೋಷವಾಗಿ ಕೂರುತ್ತದೆ.

ಈ ಬರಹದಲ್ಲಿ ಇಂಧನ ಹೆಚ್ಚಾದ ಮಿಶ್ರಣವನ್ನು ರಿಚ್ ಎಂದೂ, ಗಾಳಿ ಹೆಚ್ಚಾದದ್ದನ್ನು ಲೀನ್ ಎಂದೂ ಕರೆಯುತ್ತೇನೆ. ಗ್ಯಾರೇಜಿನಲ್ಲಿ ಬಳಕೆಯಲ್ಲಿರುವುದು ಈ ಮಾತುಗಳೇ. ಮಿಶ್ರಣದ ಅಳತೆಯನ್ನು ಲ್ಯಾಂಬ್ಡಾದಲ್ಲಿ ಹೇಳುತ್ತೇನೆ. ಲ್ಯಾಂಬ್ಡಾ 1 ಎಂದರೆ ಗಾಳಿ ಮತ್ತು ಇಂಧನ ಎರಡೂ ಮಿಗದಂತೆ ಉರಿಯುವ ಪ್ರಮಾಣ. ಅದಕ್ಕಿಂತ ಕಡಿಮೆಯಿದ್ದರೆ ರಿಚ್, ಹೆಚ್ಚಿದ್ದರೆ ಲೀನ್.

ಮೊದಲು ಕಾರನ್ನು ಸೊನ್ನೆಗೆ ತನ್ನಿ

ಈಗಿರುವ ಕೋಷ್ಟಕವನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟು, ಎಲ್ಲ ಕೋಶಗಳನ್ನೂ ಸೊನ್ನೆ ಮಾಡಿ. ಸಾಧ್ಯವಿದ್ದರೆ ಕಂಟ್ರೋಲರನ್ನೇ ಕಳಚಿ, ತಂತಿಗಳು ನೇರವಾಗಿ ಸೇರುವ ಬೈಪಾಸ್ ಕನೆಕ್ಟರ್ ಹಾಕಿ, ಏಕೆಂದರೆ ಕೋಷ್ಟಕ ಸೊನ್ನೆಯಿದ್ದರೂ ಸಿಗ್ನಲ್ ಆ ಪೆಟ್ಟಿಗೆಯ ಮೂಲಕವೇ ಹಾದುಬರುತ್ತದೆ ಮತ್ತು ಅದರ ಅರ್ತ್ ಸರಿಯಿಲ್ಲದಿದ್ದರೆ ಸೊನ್ನೆಯೂ ಸೊನ್ನೆಯಾಗಿ ಉಳಿಯುವುದಿಲ್ಲ. ಬಳಿಕ ಸ್ಕ್ಯಾನರ್‌ನಿಂದ ಫ್ಯೂಯಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಈಸಿಯು ತಾನೇ ಸೇರಿಸುವ ಅಥವಾ ಕಳೆಯುವ ಇಂಧನದ ಲೆಕ್ಕ, ಸೇರಿಸಿದರೆ ಪ್ಲಸ್, ಕಳೆದರೆ ಮೈನಸ್) ಅಳಿಸಿ, ಎಂಜಿನ್ ಪೂರ್ತಿ ಬಿಸಿಯಾಗುವಂತೆ ಅರ್ಧ ಗಂಟೆಯಾದರೂ ಬೇರೆ ಬೇರೆ ವೇಗಗಳಲ್ಲಿ ಓಡಿಸಿ.

ಈಗ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಟ್ರಿಮ್‌ಗಳ ಮೊತ್ತ ಐಡ್ಲಿಂಗ್‌ನಲ್ಲಿಯೂ 2,500 ಆರ್‌ಪಿಎಂನಲ್ಲಿಯೂ ಪ್ಲಸ್ ಅಥವಾ ಮೈನಸ್ ಶೇ 5ರೊಳಗೆ ಇದ್ದರೆ ಕಾರು ಆರೋಗ್ಯವಾಗಿದೆ. ಶೇ 10 ದಾಟಿದರೆ ದೋಷ ಕಾರಿನಲ್ಲೇ ಇದೆ, ಕಂಟ್ರೋಲರ್ ಬಗ್ಗೆ ಯೋಚಿಸುವ ಸಮಯ ಇನ್ನೂ ಬಂದಿಲ್ಲ. ಟ್ರಿಮ್ ಎಲ್ಲಿ ಏರುತ್ತದೆ ಎಂಬುದೇ ಕಾರಣದ ಸುಳಿವು. ಐಡ್ಲಿಂಗ್‌ನಲ್ಲಿ ಹೆಚ್ಚು ಪ್ಲಸ್ ಇದ್ದು ಆರ್‌ಪಿಎಂ ಏರಿದಂತೆ ಇಳಿದುಹೋದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ: ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್, ಇಂಜೆಕ್ಟರ್‌ನ ಓ-ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಬೇಕು. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಭಾರ ಬಿದ್ದಾಗ ಪ್ಲಸ್ ಏರಿದರೆ ಪಂಪ್, ಫಿಲ್ಟರ್ ಅಥವಾ ಇಂಜೆಕ್ಟರ್ ಇಂಧನ ಪೂರೈಸಲಾಗದೆ ಸೋಲುತ್ತಿವೆ. ಆಗ ಪ್ರೆಶರ್ ಗೇಜ್ ಕಟ್ಟಿಕೊಂಡು ಏರಿನಲ್ಲೇ ಒತ್ತಡ ನೋಡಬೇಕಲ್ಲದೆ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಪ್ರಯೋಜನವಿಲ್ಲ. ಕಳ್ಳಗಾಳಿ ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ನಮ್ಮಲ್ಲಿದೆ. ಅದು ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಹೊಗೆ ಹಾಯಿಸಿ ನೋಡುವ ಯಂತ್ರವಿರುವ ಕಡೆಗೆ ಗಾಡಿ ಒಯ್ಯುವುದು ಕ್ಷೇಮ.

ಕೊಡಗಿನಲ್ಲಿ ಇನ್ನೆರಡನ್ನು ಇದೇ ಹಂತದಲ್ಲಿ ನೋಡಿಬಿಡಬೇಕು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ತೋಟದ ಮಣ್ಣುದಾರಿಯಲ್ಲಿ ಓಡಿದ ಗಾಡಿಯ ಏರ್ ಫಿಲ್ಟರ್ ಕೆಂಧೂಳಿನಿಂದ ಕಟ್ಟಿಕೊಂಡಿರುತ್ತದೆ. ಎಣ್ಣೆ ಸವರುವ ಬಗೆಯ ಫಿಲ್ಟರ್ ಆಗಿದ್ದರೆ ಹೆಚ್ಚಾದ ಎಣ್ಣೆ ಮಾಸ್ ಏರ್‌ಫ್ಲೋ ಸೆನ್ಸರ್‌ನ ತಂತಿಗೆ ಅಂಟಿ, ಗಾಳಿಯ ಲೆಕ್ಕವನ್ನೇ ಕೆಡಿಸುತ್ತದೆ. ಎರಡನೆಯದು ಇಲಿ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರಿಂಗ್‌ನಲ್ಲಿ ಇಲಿ ಕಡಿದ ತಂತಿಯ ಒಂದೆರಡು ಎಳೆಗಳು ಮಾತ್ರ ಉಳಿದಿದ್ದರೆ, ಮೀಟರ್ ಹಿಡಿದಾಗ ಸಂಪರ್ಕ ಇದೆಯೆಂದೇ ತೋರಿಸುತ್ತದೆ, ಕರೆಂಟ್ ಹರಿಯುವಾಗ ಮಾತ್ರ ಸೋಲುತ್ತದೆ.

ಮೀಟರ್ ಹೇಳುವುದು ನಿಜವೇ

ಕಾರಿನ ಜೊತೆ ಬಂದ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಆಡುತ್ತದೆ. 0.45 ವೋಲ್ಟ್‌ನ ಆಸುಪಾಸಿನಲ್ಲಿ ಅದು ರಿಚ್ ಅಥವಾ ಲೀನ್ ಎಂದಷ್ಟೇ ಹೇಳಬಲ್ಲದು. ಎಷ್ಟು ರಿಚ್ ಎಂದು ತಿಳಿಯಲು ಬಾಷ್ ಎಲ್‌ಎಸ್‌ಯು 4.9ರಂತಹ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ನ್ಯಾರೋಬ್ಯಾಂಡ್ ನೋಡಿಕೊಂಡು ಪೂರ್ತಿ ಥ್ರಾಟಲ್‌ನ ಮಿಶ್ರಣ ಹೊಂದಿಸುವ ಪ್ರಯತ್ನವನ್ನು ಯಾರೂ ಮಾಡಬಾರದು. ಆ ವಲಯದಲ್ಲಿ ಅದರ ವೋಲ್ಟೇಜ್ ಮಿಶ್ರಣಕ್ಕಿಂತ ಹೆಚ್ಚಾಗಿ ಸೆನ್ಸರ್‌ನ ಬಿಸಿಯನ್ನು ಅನುಸರಿಸುತ್ತದೆ.

ವೈಡ್‌ಬ್ಯಾಂಡ್ ಕೂಡ ಸುಳ್ಳು ಹೇಳುವ ಸಂದರ್ಭಗಳಿವೆ. ಸೆನ್ಸರ್‌ಗಿಂತ ಮೊದಲೇ ಎಕ್ಸಾಸ್ಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ ಮೀಟರ್ ಲೀನ್ ತೋರಿಸುತ್ತದೆ. ಜಾಯಿಂಟಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಮೊದಲು ಅದನ್ನು ಮುಚ್ಚಬೇಕು. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಉರಿಯದ ಪೆಟ್ರೋಲಿನ ಜೊತೆ ಉರಿಯದ ಆಮ್ಲಜನಕವೂ ಹೊರಬರುತ್ತದೆ, ಸೆನ್ಸರ್ ಆ ಆಮ್ಲಜನಕವನ್ನು ಕಂಡು ಲೀನ್ ಎನ್ನುತ್ತದೆ. ಇದನ್ನು ನಂಬಿ ಇಂಧನ ಏರಿಸಿದರೆ ಪ್ಲಗ್ ಇನ್ನಷ್ಟು ಒದ್ದೆಯಾಗುತ್ತದೆ, ಮಿಸ್ ಹೆಚ್ಚುತ್ತದೆ, ಮೀಟರ್ ಇನ್ನೂ ಲೀನ್ ತೋರಿಸುತ್ತದೆ. ಸ್ಕ್ಯಾನರ್‌ನಲ್ಲಿ ಲೀನ್ ಎನ್ನುವ ಪಿ0171 ಜೊತೆಗೆ ಮಿಸ್ ಸೂಚಿಸುವ ಪಿ0300 ಸಾಲಿನ ಸಂಕೇತಗಳೂ ಕಂಡರೆ, ಮಿಶ್ರಣ ಬಿಟ್ಟು ಪ್ಲಗ್ ಮತ್ತು ಕಾಯಿಲ್ ಕಡೆಗೆ ಹೋಗಬೇಕು.

ಇನ್ನೊಂದು ವಿಷಯಕ್ಕೆ ನಮ್ಮ ರಸ್ತೆಗಳಲ್ಲಿ ಅನೇಕರು ಅನಗತ್ಯವಾಗಿ ಹೆದರುತ್ತಾರೆ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದಲ್ಲೋ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರಿನ ಹಿಡಿತದಲ್ಲಿ ಇಳಿಯುವಾಗ ಮೀಟರ್ ಅದರ ಲೀನ್ ತುದಿಗೆ ಹೋಗಿ ನಿಲ್ಲುತ್ತದೆ. ಅದು ದೋಷವಲ್ಲ. ಆ ಹೊತ್ತಿನಲ್ಲಿ ಈಸಿಯು ಇಂಜೆಕ್ಟರ್‌ಗಳನ್ನೇ ನಿಲ್ಲಿಸಿರುತ್ತದೆ, ಪೈಪಿನಲ್ಲಿ ಬರೀ ಗಾಳಿ ಹರಿಯುತ್ತಿರುತ್ತದೆ. ಲಾಗ್ ಫೈಲಿನಿಂದ ಆ ಭಾಗವನ್ನು ಕತ್ತರಿಸಿ ತೆಗೆದ ಮೇಲೆಯೇ ಸರಾಸರಿ ಲೆಕ್ಕ ಹಾಕಬೇಕು.

ಮಂಜಿನ ದೀಪ ಹಾಕಿದಾಗ ಮಾತ್ರ ಬರುವ ದೋಷ

ಮಳೆಗಾಲದ ರಾತ್ರಿಯಲ್ಲಿ ಮಾತ್ರ ಗಾಡಿ ಮಿಸ್ ಹೊಡೆಯುತ್ತದೆ ಎಂಬ ದೂರನ್ನು ತೇವದ ಮೇಲೆ ಹೊರಿಸಿ ಕೈಬಿಡುವುದು ಸುಲಭ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ರಾತ್ರಿ ಓಡುವ ಗಾಡಿಯಲ್ಲಿ ಹೆಡ್‌ಲೈಟ್, ಮಂಜಿನ ದೀಪ, ವೈಪರ್, ಗಾಜಿನ ಮಬ್ಬು ತೆಗೆಯುವ ಬ್ಲೋವರ್ ಎಲ್ಲವೂ ಒಟ್ಟಿಗೆ ಓಡುತ್ತಿರುತ್ತವೆ. ಅಷ್ಟು ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವಾಗ, ಕಂಟ್ರೋಲರ್‌ನ ಅರ್ತ್ ತಂತಿಯನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಯಾವುದೋ ಬೋಲ್ಟಿಗೆ ಬಿಗಿದಿದ್ದರೆ, ಆ ಬೋಲ್ಟಿನ ವೋಲ್ಟೇಜ್ ಸೊನ್ನೆಯಿಂದ ಮೇಲೇಳುತ್ತದೆ. ಕಂಟ್ರೋಲರ್ ತನ್ನ ಅರ್ತನ್ನೇ ಸೊನ್ನೆ ಎಂದು ನಂಬಿ ಸೆನ್ಸರ್ ಸಿಗ್ನಲ್ ಓದುವುದರಿಂದ, ಸೆನ್ಸರ್ ಸರಿಯಿದ್ದರೂ ಓದು ತಪ್ಪುತ್ತದೆ.

ಇದು ಎಷ್ಟರ ಮಟ್ಟಿನ ತಪ್ಪು ಎಂಬುದನ್ನು ಲೆಕ್ಕ ಹಾಕಬಹುದು. ಸೊನ್ನೆಯಿಂದ 5 ವೋಲ್ಟ್‌ವರೆಗೆ ಎಎಫ್‌ಆರ್ (ಗಾಳಿ-ಇಂಧನ ತೂಕದ ಅನುಪಾತ) 10ರಿಂದ 20 ಎಂದು ಹೊಂದಿಸಿದ ವೈಡ್‌ಬ್ಯಾಂಡ್‌ನಲ್ಲಿ ಒಂದು ವೋಲ್ಟ್‌ಗೆ ಎರಡು ಎಎಫ್‌ಆರ್. ಅರ್ತ್ 0.1 ವೋಲ್ಟ್ ಎದ್ದರೆ ಓದಿನಲ್ಲಿ 0.2 ತಪ್ಪು, 0.3 ವೋಲ್ಟ್ ಎದ್ದರೆ 0.6 ತಪ್ಪು. 12.8 ಇರಬೇಕಾದ ಕಡೆ 13.4 ಇದ್ದರೂ ನಮಗೆ ತಿಳಿಯದು.

ಪರೀಕ್ಷೆ ಸರಳ. ಎಂಜಿನ್ ಓಡುತ್ತಿರಲಿ, ಮೇಲೆ ಹೇಳಿದ ಎಲ್ಲವನ್ನೂ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೇ ಒತ್ತಿ. ಕ್ಲಾಂಪಿನ ಮೇಲೆ ಬೇಡ, ಕ್ಲಾಂಪಿಗೂ ಕಂಬಕ್ಕೂ ನಡುವೆಯೇ ದೋಷ ಇರಬಹುದು. ಕೆಂಪು ಕಡ್ಡಿಯನ್ನು ಕಂಟ್ರೋಲರ್ ಕನೆಕ್ಟರಿನ ಹಿಂಬದಿಯಿಂದ ಅದರ ಅರ್ತ್ ಪಿನ್ನಿಗೆ ತಾಗಿಸಿ. 0.05 ವೋಲ್ಟ್‌ಗಿಂತ ಕಡಿಮೆಯಿದ್ದರೆ ಒಳ್ಳೆಯದು, 0.1 ದಾಟಿದರೆ ಅರ್ತನ್ನು ಸರಿಪಡಿಸದೆ ಮುಂದೆ ಹೋಗುವಂತಿಲ್ಲ. ಓಮ್ಸ್‌ನಲ್ಲಿ ಅಳೆದು ಸರಿಯಿದೆ ಎನ್ನುವುದು ಇಲ್ಲಿ ಸಾಕ್ಷಿಯಲ್ಲ, ಏಕೆಂದರೆ ಕರೆಂಟ್ ಹರಿಯದಿರುವಾಗ ತುಕ್ಕು ಹಿಡಿದ ಸಂಪರ್ಕವೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮಲ್ಲಿಗೆ ಬಂದಿದ್ದ ಒಂದು 1.3 ಲೀಟರ್ ಪೆಟ್ರೋಲ್ ಜೀಪಿನಲ್ಲಿ ಈ ದೋಷವನ್ನು ಕಣ್ಣಾರೆ ನೋಡಿದ್ದೇನೆ. ಅರ್ತ್ ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ವಾಷರಿನ ಕೆಳಗೆ ಬಾಡಿಯ ಪೇಂಟ್ ಹಾಗೆಯೇ ಇತ್ತು, ಸಂಪರ್ಕ ಉಳಿದದ್ದು ಬೋಲ್ಟಿನ ಥ್ರೆಡ್ಡುಗಳ ಮೂಲಕ ಮಾತ್ರ, ಆ ಥ್ರೆಡ್ಡುಗಳಲ್ಲಿಯೂ ಹಸಿರು ಪುಡಿ ಕಟ್ಟಿತ್ತು. ಬ್ಲೋವರ್ ಹಾಕಿದೊಡನೆ ಮೀಟರಿನ ಅಂಕಿ ಏರುತ್ತಿತ್ತು, ಮಂಜಿನ ದೀಪ ಹಾಕಿದರೆ ಇನ್ನೂ ಏರುತ್ತಿತ್ತು. ಕಂಟ್ರೋಲರ್‌ನ ಅರ್ತನ್ನು ಈಸಿಯುವಿನ ಅರ್ತ್ ತಂತಿ ಹೋಗಿ ಸೇರುವ ಎಂಜಿನ್ನಿನ ಜಾಗಕ್ಕೇ ಒಯ್ದು, ಬೆಸುಗೆ ಹಾಕಿ, ಒಳಗೆ ಅಂಟು ಸವರಿರುವ ಹೀಟ್‌ಶ್ರಿಂಕ್ ಸ್ಲೀವ್ ಏರಿಸಿದ ಮೇಲೆ ಎಲ್ಲ ದೀಪ ಹಾಕಿದರೂ ಅಂಕಿ ಅಲುಗಲಿಲ್ಲ. ಕೋಷ್ಟಕದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ತಂತಿಯನ್ನು ಕತ್ತರಿಸದೆ ಕಚ್ಚಿ ಹಿಡಿಯುವ ಕ್ಲಿಪ್‌ಗಳನ್ನು ಕೊಡಗಿನ ಹವೆಯಲ್ಲಿ ಸೆನ್ಸರ್ ತಂತಿಗಳಿಗೆ ಎಂದೂ ಬಳಸಬಾರದೆಂದೇ ನಾನು ಹೇಳುತ್ತೇನೆ. ಅವು ಒಂದು ಮಳೆಗಾಲ ಕಳೆಯುವುದರೊಳಗೆ ಒಳಗಿನಿಂದ ಕೊಳೆಯುತ್ತವೆ.

ಎತ್ತರ ಬದಲಾದಾಗ ಬದಲಾಗುವ ದೋಷ

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸುಳ್ಯ ಸುಮಾರು 100 ಮೀಟರ್. ಸುಳ್ಯದಲ್ಲಿ ಗಾಳಿಯ ಒತ್ತಡ 100 ಕಿಲೋಪಾಸ್ಕಲ್‌ನಷ್ಟಿದ್ದರೆ ಮಡಿಕೇರಿಯಲ್ಲಿ 88ರ ಆಸುಪಾಸು. ಹತ್ತಿರಹತ್ತಿರ ಎಂಟನೆಯ ಒಂದು ಪಾಲು ಗಾಳಿ ಕಡಿಮೆ. ಕಂಪನಿಯ ಈಸಿಯು ಈ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದ್ದರಿಂದ ಕಂಟ್ರೋಲರ್ ಹಾಕಿದ ಮೇಲೆ ಘಾಟಿಯ ಮೇಲೊಂದು ಕೆಳಗೊಂದು ನಡತೆ ಕಂಡುಬಂದರೆ, ಈಸಿಯುವಿಗೆ ತಲುಪುತ್ತಿರುವ ಎತ್ತರದ ಮಾಹಿತಿಯನ್ನು ನಾವೇ ಕೆಡಿಸಿದ್ದೇವೆಯೇ ಎಂದು ನೋಡಬೇಕು.

ಜಿಪ್ಸಿಯ ಎಂಪಿಎಫ್‌ಐ ಎಂಜಿನ್ನಿನಂತೆ ಮ್ಯಾನಿಫೋಲ್ಡ್ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರುಗಳಲ್ಲಿ ಇದು ಸೂಕ್ಷ್ಮವಾದ ಸಂಗತಿ. ಅನೇಕ ಈಸಿಯುಗಳು ಕೀ ಆನ್ ಮಾಡಿ ಎಂಜಿನ್ ಇನ್ನೂ ತಿರುಗದಿರುವ ಕ್ಷಣದಲ್ಲಿ ಮ್ಯಾಪ್ ಸೆನ್ಸರ್ ಓದಿ, ಅದನ್ನೇ ಹೊರಗಿನ ವಾತಾವರಣದ ಒತ್ತಡವೆಂದು ನೆನಪಿಟ್ಟುಕೊಳ್ಳುತ್ತವೆ. ಕಂಟ್ರೋಲರ್ ಮ್ಯಾಪ್ ಸಿಗ್ನಲನ್ನು ಶೇ 8ರಷ್ಟು ಏರಿಸಿ ಕಳಿಸುವಂತಿದ್ದು, ಎಂಜಿನ್ ನಿಂತಾಗಲೂ ಅದೇ ಕೆಲಸ ಮಾಡುತ್ತಿದ್ದರೆ, ಮಡಿಕೇರಿಯ 88 ಈಸಿಯುವಿಗೆ 95 ಆಗಿ ಕಾಣುತ್ತದೆ. ಗಾಡಿ ಅರ್ಧ ಘಾಟಿ ಇಳಿದಿದೆ ಎಂದು ಅದು ತಿಳಿಯುತ್ತದೆ. ಸುಳ್ಯದಲ್ಲಿ 100 ಹೋಗಿ 108 ಆಗುತ್ತದೆ. ಭೂಮಿಯ ಮೇಲೆ ರಸ್ತೆಯಿರುವ ಬಹುತೇಕ ಯಾವ ಜಾಗದಲ್ಲೂ ಅಂತಹ ಒತ್ತಡವಿಲ್ಲ, ಹಾಗಾಗಿ ಈಸಿಯು ಸೆನ್ಸರ್ ಕೆಟ್ಟಿದೆಯೆಂದು ಪಿ0106ರಂತಹ ಸಂಕೇತ ದಾಖಲಿಸಿ ದೀಪ ಹೊತ್ತಿಸಬಹುದು. ಸುಳ್ಯಕ್ಕೆ ಹೋದಾಗ ಮಾತ್ರ ದೀಪ ಬರುತ್ತದೆ ಎಂಬ ದೂರಿನ ಹಿಂದೆ ನೋಡಬೇಕಾದ ಮೊದಲ ಸಂಗತಿ ಇದು.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಕಂಟ್ರೋಲರ್‌ನ ಎರಡೂ ಬದಿಯಲ್ಲಿ ಮ್ಯಾಪ್ ಸಿಗ್ನಲ್ ತಂತಿಯ ವೋಲ್ಟೇಜ್ ಅಳೆಯಿರಿ. ಸೆನ್ಸರ್ ಕಡೆಯದೂ ಈಸಿಯು ಕಡೆಯದೂ ಒಂದೇ ಇರಬೇಕು. ಸ್ಕ್ಯಾನರ್‌ನಲ್ಲಿ ಮಡಿಕೇರಿ ಪೇಟೆಯಲ್ಲಿ 87ರಿಂದ 89 ಕಿಲೋಪಾಸ್ಕಲ್ ಕಾಣಬೇಕು. ವ್ಯತ್ಯಾಸವಿದ್ದರೆ, ಆರ್‌ಪಿಎಂ ಸೊನ್ನೆಯಿರುವ ಮತ್ತು ಸ್ಟಾರ್ಟ್ ಆಗುವ ವೇಗದ ಕೋಶಗಳನ್ನು ಸೊನ್ನೆ ಮಾಡಬೇಕು. ಅದಕ್ಕೆ ಅವಕಾಶವಿಲ್ಲದ ಕಂಟ್ರೋಲರ್ ಘಾಟಿಯ ಊರಿಗೆ ತಕ್ಕದ್ದಲ್ಲ.

ಇದರ ಜೊತೆ ಇನ್ನೊಂದು ಪರೀಕ್ಷೆಯಿದೆ. ಮಡಿಕೇರಿಯಲ್ಲಿ ಸ್ಟಾರ್ಟ್ ಮಾಡಿ ನಿಲ್ಲಿಸದೆ ಇಳಿದ ಗಾಡಿಯಲ್ಲಿ, ಇಳಿಜಾರಿನಲ್ಲಿ ಪೂರ್ತಿ ಥ್ರಾಟಲ್ ಒತ್ತುವ ಪ್ರಸಂಗವೇ ಬಾರದ ಕಾರಣ, ಕೆಲವು ಈಸಿಯುಗಳಲ್ಲಿ ಮೇಲಿನ ಒತ್ತಡದ ಲೆಕ್ಕವೇ ಉಳಿದಿರುತ್ತದೆ. ಕೆಳಗೆ ತಲುಪಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಅಷ್ಟರಿಂದಲೇ ನಡತೆ ಸುಧಾರಿಸಿದರೆ ದೋಷ ಒತ್ತಡದ ಲೆಕ್ಕದಲ್ಲಿದೆ, ಇಂಧನದ ಕೋಷ್ಟಕದಲ್ಲಿಲ್ಲ.

ಏರಿನಲ್ಲಿ ಅರ್ಧ ಥ್ರಾಟಲ್‌ನ ಜಗ್ಗಾಟ

ಇದು ತಿದ್ದುಪಡಿಯದೇ ದೋಷ. ಸಾಧಾರಣ ಓಟದಲ್ಲಿ ಈಸಿಯು ಕ್ಲೋಸ್ಡ್ ಲೂಪ್‌ನಲ್ಲಿದ್ದು, ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಲ್ಯಾಂಬ್ಡಾ 1ಕ್ಕೆ ಮಿಶ್ರಣವನ್ನು ಎಳೆದು ತರುತ್ತದೆ. ಅಲ್ಲಿ ನಾವು ಶೇ 8 ಇಂಧನ ಸೇರಿಸಿದರೆ ಅದು ಶೇ 8 ಕಳೆಯುತ್ತದೆ, ನಮ್ಮ ಶ್ರಮ ಉಳಿಯುವುದಿಲ್ಲ. ಹಾನಿ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಹಾಗೆ ಕಲಿತ ಲಾಂಗ್ ಟರ್ಮ್ ಟ್ರಿಮ್ಮನ್ನು ಅನೇಕ ಈಸಿಯುಗಳು, ಭಾರ ಹೆಚ್ಚಾದಾಗ ಸೆನ್ಸರ್ ನೋಡದೆ ಇಂಧನ ಕೊಡುವ ಓಪನ್ ಲೂಪ್‌ಗೂ ಒಯ್ಯುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಕಳೆಯಲು ಕಲಿತ ಶೇ 8ನ್ನು ಸುಂಟಿಕೊಪ್ಪ ದಾಟಿ ಏರು ಹತ್ತಿದಾಗ, ಎಂಜಿನ್ನಿಗೆ ಇಂಧನ ಹೆಚ್ಚು ಬೇಕಾದ ಸಮಯದಲ್ಲಿ, ಅದು ಕಳೆಯುತ್ತಲೇ ಇರುತ್ತದೆ. ಆದ್ದರಿಂದ ಕ್ಲೋಸ್ಡ್ ಲೂಪ್‌ಗೆ ಸೇರಿದ ಕೋಶಗಳು ಸೊನ್ನೆಯಾಗಿಯೇ ಇರಬೇಕು.

ಅಪೆಕ್ಸಿಯ ಎಸ್‌ಎಎಫ್‌ಸಿಯಂತಹ ಕಂಟ್ರೋಲರ್‌ಗಳಲ್ಲಿ ಕಡಿಮೆ ಥ್ರಾಟಲ್‌ಗೆ ಒಂದು ಸಾಲು, ಹೆಚ್ಚು ಥ್ರಾಟಲ್‌ಗೆ ಇನ್ನೊಂದು ಸಾಲು ಇರುತ್ತವೆ. ಇವೆರಡರ ಗಡಿಗಳ ನಡುವಿನ ಥ್ರಾಟಲ್‌ನಲ್ಲಿ ಕಂಟ್ರೋಲರ್ ಎರಡು ಸಾಲುಗಳ ನಡುವಣ ಬೆಲೆಯನ್ನು ತಾನೇ ಲೆಕ್ಕ ಹಾಕುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಗಾಡಿ ಈ ನಡುವಣ ವಲಯವನ್ನು ದಾಟಿಹೋಗುವುದು ಕ್ಷಣಮಾತ್ರ. ಘಾಟಿಯ ತಿರುವುಗಳಲ್ಲಿ ಗಾಡಿ ಇರುವುದೇ ಆ ವಲಯದಲ್ಲಿ. ಗಡಿಗಳನ್ನು ಒತ್ತೊತ್ತಾಗಿ ಇಟ್ಟಿದ್ದರೆ ಕಾಲು ಸ್ವಲ್ಪ ಅಲುಗಿದರೂ ಇಂಧನ ಹಠಾತ್ತನೆ ಬದಲಾಗಿ ಗಾಡಿ ಜಗ್ಗುತ್ತದೆ. ಅವನ್ನು ದೂರ ಸರಿಸಿ, ಅಕ್ಕಪಕ್ಕದ ಕೋಶಗಳ ಅಂತರ ಶೇ 3–4 ಮೀರದಂತೆ ನೋಡಿಕೊಳ್ಳಿ. ಆಕ್ಸಿಲರೇಟರ್ ಥಟ್ಟನೆ ಒತ್ತಿದಾಗ ಮಾತ್ರ ಬರುವ ಲೀನ್ ಮೊನೆಯನ್ನು ಈ ಕೋಷ್ಟಕದಲ್ಲಿ ತಿದ್ದಲು ಹೋಗಬಾರದು, ಅದಕ್ಕೆ ಬೇರೆ ಹೊಂದಾಣಿಕೆ ಇರುತ್ತದೆ.

ಗಾಳಿಯ ಸಿಗ್ನಲನ್ನು ತಗ್ಗಿಸಿ ಇಂಧನ ಕಡಿಮೆ ಮಾಡುವ ಕಂಟ್ರೋಲರ್‌ಗಳ ಬಗ್ಗೆ ಗಂಭೀರವಾದ ಎಚ್ಚರಿಕೆ ಅಗತ್ಯ. ಈಸಿಯು ಎಂಜಿನ್ನಿನ ಮೇಲಿನ ಭಾರ ಕಡಿಮೆಯೆಂದು ತಿಳಿದು ಇಗ್ನಿಷನ್ ಟೈಮಿಂಗನ್ನೂ ಮುಂದಕ್ಕೆ ತರುತ್ತದೆ, ಅಂದರೆ ಪ್ಲಗ್ಗಿನ ಕಿಡಿ ಬೇಗನೇ ಹಾರುತ್ತದೆ. ಮಿಶ್ರಣ ಲೀನ್, ಟೈಮಿಂಗ್ ಮುಂದೆ, ಮೇಲೆ ಏರುರಸ್ತೆ: ಮಿಶ್ರಣ ತಾನಾಗಿಯೇ ಸಿಡಿಯುವ ನಾಕಿಂಗ್‌ಗೆ ಇದಕ್ಕಿಂತ ಹೆಚ್ಚೇನೂ ಬೇಡ. ಟರ್ಬೊ ಇಲ್ಲದ ಎಂಜಿನ್ನಿಗೆ ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.86ರಿಂದ 0.90 ಒಳ್ಳೆಯ ವಲಯ. ಕಿಟಕಿ ಇಳಿಸಿದಾಗ ಲೋಹದ ಕಟಕಟ ಶಬ್ದ ಕೇಳಿದರೆ ಆ ಕ್ಷಣವೇ ಕಾಲು ತೆಗೆಯಬೇಕು.

ಇಂಜೆಕ್ಟರ್ ತೆರೆದಿರುವ ಸಮಯವನ್ನೂ ಒಮ್ಮೆ ನೋಡಿ. 6,000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಆವರ್ತನಕ್ಕೆ (ಎಂಜಿನ್ನಿನ ಎರಡು ಸುತ್ತು) 20 ಮಿಲಿಸೆಕೆಂಡ್ ಮಾತ್ರ. ಪಲ್ಸ್ 17 ಮಿಲಿಸೆಕೆಂಡ್ ಮುಟ್ಟಿದರೆ ಶೇ 85 ಆಯಿತು, ಅಲ್ಲಿಂದ ಮುಂದೆ ಕೋಷ್ಟಕದಲ್ಲಿ ಎಷ್ಟು ಸೇರಿಸಿದರೂ ನಂಬುವಂತಿಲ್ಲ.

ಇ20 ಪೆಟ್ರೋಲ್ ಮತ್ತು ಟ್ರಿಮ್

ಹಳೆಯ ಕಾರುಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಎಲ್ಲ ವೇಗಗಳಲ್ಲಿಯೂ ಒಂದೇ ಸಮನೆ ಪ್ಲಸ್ ಇದ್ದರೆ ಪೆಟ್ರೋಲನ್ನೇ ಕಾರಣವೆಂದು ಪರಿಗಣಿಸಬೇಕು. ಎಥನಾಲ್ ಬೆರೆಯದ ಪೆಟ್ರೋಲಿನ ಸರಿಪ್ರಮಾಣ 14.7 ಆದರೆ ಶೇ 10 ಎಥನಾಲ್ ಬೆರೆಸಿದ ಇ10ಕ್ಕೆ ಸುಮಾರು 14.1, ಶೇ 20 ಬೆರೆಸಿದ ಇ20ಕ್ಕೆ ಸುಮಾರು 13.5. ಇ10ಕ್ಕೆ ಹೊಂದಿಸಿದ ಎಂಜಿನ್ನಿಗೆ ಇ20 ಹಾಕಿದಾಗ ಶೇ 4ರಷ್ಟು ಹೆಚ್ಚು ಇಂಧನ ಬೇಕಾಗುವುದು ಸಹಜ. ಹಾಗೆಂದು ಮೀಟರಿನಲ್ಲಿ 13.5 ಕಾಣಲಿ ಎಂದು ಬೆನ್ನಟ್ಟಬಾರದು. ವೈಡ್‌ಬ್ಯಾಂಡ್ ಅಳೆಯುವುದು ಲ್ಯಾಂಬ್ಡಾವನ್ನು, ಅದು 1 ಇದ್ದಾಗ ಪೆಟ್ರೋಲ್ ಮಾಪಕದ ಮೀಟರ್ ಯಾವ ಇಂಧನವಿದ್ದರೂ 14.7 ಎಂದೇ ತೋರಿಸುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಾದರೆ, ಎಥನಾಲ್ ತೇವ ಎಳೆದುಕೊಳ್ಳುವ ಗುಣದ್ದಾದ್ದರಿಂದ, ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ತಳದಲ್ಲಿ ಪದರ ಬೇರೆಯಾಗಿದೆಯೇ ನೋಡಿ.

ಸರಿಪಡಿಸಿದ ಮೇಲೆ

ಕೋಷ್ಟಕವನ್ನು ಮರಳಿ ಹಾಕಿ, ಒಂದೇ ಗೇರು, ಒಂದೇ ಆರ್‌ಪಿಎಂ, ಒಂದೇ ಥ್ರಾಟಲ್‌ನಲ್ಲಿ ಘಾಟಿಯ ಮೇಲೂ ಕೆಳಗೂ ಲಾಗ್ ತೆಗೆಯಿರಿ. ಎರಡೂ ಕಡೆ ಲ್ಯಾಂಬ್ಡಾ 0.02ರೊಳಗೆ ಹೊಂದಿಕೊಳ್ಳಬೇಕು. ಏರಿನಲ್ಲಿ ಎರಡನೇ ಗೇರ್ ಸಾಕು, ವೇಗ ಮೀರದೆಯೇ ಎಂಜಿನ್ ಮೇಲೆ ಪೂರ್ತಿ ಭಾರ ಬೀಳುತ್ತದೆ. ಸಂಪಾಜೆಯಲ್ಲಿ ಬಸ್ಸು, ಲಾರಿಗಳ ದಟ್ಟಣೆಯ ಹೊತ್ತಿನಲ್ಲಿ ಇದನ್ನು ಮಾಡಬಾರದು, ಲ್ಯಾಪ್‌ಟಾಪ್ ನೋಡುವವರು ಬೇರೆಯೇ ಇರಬೇಕು. ಕೊನೆಗೆ ಹೊಗೆ ತಪಾಸಣೆ ಮಾಡಿಸಿ. ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3 ಮೀರಬಾರದು, 2,500 ಆರ್‌ಪಿಎಂ ಆಸುಪಾಸಿನಲ್ಲಿ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಕ್ಲೋಸ್ಡ್ ಲೂಪ್ ಕೋಶಗಳನ್ನು ಸೊನ್ನೆಯಲ್ಲಿಟ್ಟ ಆರೋಗ್ಯವಂತ ಕಾರು ಈ ಮಿತಿಯೊಳಗೆ ಬರುತ್ತದೆ. ಬರದಿದ್ದರೆ ಮತ್ತೆ ಬೈಪಾಸ್ ಕನೆಕ್ಟರ್ ಹಾಕಿ ಮೊದಲ ಹಂತದಿಂದ ನೋಡಬೇಕು.